ಬಿಳಿ ಮೂಲೆಗೆ ಮೂವತ್ತೈದರ ಲೆನ್ಸ್

ಬಾಕ್ಸಿಂಗ್ ರಿಂಗಿನ ಬಿಳಿ ಮೂಲೆಯ ಪ್ಯಾಡನ್ನು ಇನ್ಸ್‌ಪೆಕ್ಟರ್ ಮೇಡಂ ಎರಡು ಬೆರಳಿಂದ ಒತ್ತಿದರು. ಒಳಗೆ ಫೋಮ್ ಇರಲಿಲ್ಲ. ಕಬ್ಬಿಣ ಸಿಕ್ಕಿತು.

ಅದು ಹಗ್ಗ ಬಿಗಿಯುವ ಕೊಕ್ಕೆ. ಬಾಕ್ಸರ್ ಎರಡನೇ ರೌಂಡಿನಲ್ಲಿ ಒಂದು ಏಟು ತಿಂದು ಹಿಮ್ಮುಖವಾಗಿ ಬಂದು ತಲೆಯ ಹಿಂಭಾಗ ಬಡಿದುಕೊಂಡದ್ದು ಅದಕ್ಕೇ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಮೂವತ್ತೊಂದು ವರ್ಷ, ಮನೆಯಲ್ಲಿ ಹೆಂಡತಿ. ಮೇಡಂ ಪ್ಯಾಡಿನ ಹಿಂದೆ ಕೈಯಾಡಿಸಿದರು. ಜಿಪ್ ತೆರೆದಿತ್ತು. ಒಳಗಿರಬೇಕಾದ ಫೋಮ್ ರಿಂಗಿನ ಹಲಗೆಗಳ ಅಡಿಯಲ್ಲಿ ಬಿದ್ದಿತ್ತು.

ನಾನು ಅಲ್ಲಿರಲಿಲ್ಲ. ಇದೆಲ್ಲ ಮೇಡಂ ಆಮೇಲೆ ಹೇಳಿದ್ದು. ನಾನು ಕ್ಯಾಮೆರಾ ರಿಪೇರಿ ಮಾಡುವವನು. ಬೇಕಾದವರಿಗೆ ಒಂದೆರಡು ದಿನಕ್ಕೆ ಲೆನ್ಸು ಕೊಡುತ್ತೇನೆ. ಸಾವು ನೋವಿನ ಉಸಾಬರಿ ನನಗೆ ಬೇಡವಾಗಿತ್ತು. ಆದರೆ ಬೇಡ ಅಂದದ್ದೇ ಬಾಗಿಲು ತಟ್ಟುತ್ತದಲ್ಲ, ಹಾಗಾಯಿತು.

ಮೊದಲು ಅನುಮಾನ ಬಂದದ್ದು ಎದುರಾಳಿಯ ಕೋಚ್ ಮೇಲೆ. ಇವನ ದವಡೆ ಮುರಿಸುತ್ತೇನೆ ಎಂದು ಆತ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಸೋಮವಾರ ಇಡೀ ದಿನ ಠಾಣೆಯಲ್ಲಿ ಕೂರಿಸಿದರು. ಪಂದ್ಯದ ದಿನ ಆತ ಮಧ್ಯಾಹ್ನದಿಂದಲೂ ಡ್ರೆಸಿಂಗ್ ರೂಮಿನಲ್ಲಿ ಹುಡುಗರ ಕೈಗೆ ಪಟ್ಟಿ ಸುತ್ತುತ್ತಿದ್ದನಂತೆ. ನೋಡಿದವರು ಇಪ್ಪತ್ತು ಜನ. ಬಾಯಿ ದೊಡ್ಡದು, ಕೈ ಸ್ವಚ್ಛ. ಬಿಟ್ಟು ಕಳಿಸಿದರು.

ಮಂಗಳವಾರ ರಿಂಗ್ ಅಜ್ಜನನ್ನು ಹಿಡಿದರು. ಮೂವತ್ತು ವರ್ಷದಿಂದ ಆ ಬಾಕ್ಸಿಂಗ್ ಹಾಲಿನಲ್ಲಿ ಹಗ್ಗ ಕಟ್ಟುವುದು, ಗುಡಿಸುವುದು, ಪ್ಯಾಡಿನ ಗವಸು ಒಗೆಯುವುದು ಎಲ್ಲ ಅಜ್ಜನೇ. ಆ ವಾರವೂ ಒಗೆದಿದ್ದ. ಅಲ್ಲಿಗೆ ಲೆಕ್ಕ ಸರಿಹೋಯಿತು: ಫೋಮ್ ತೆಗೆದ, ಗವಸು ಒಗೆದ, ತಿರುಗಿ ತುಂಬಲು ಮರೆತ. ಅಜಾಗರೂಕತೆಯಿಂದ ಸಾವು ಎಂದು ಕೇಸು ಹಾಕಿದರು. "ತುಂಬಿದ್ದೆ ಕಣಮ್ಮ, ನಾಲ್ಕೂ ಮೂಲೆ ತುಂಬಿದ್ದೆ" ಎಂದು ಅಜ್ಜ ಹೇಳುತ್ತಲೇ ಇದ್ದ. ಅಜ್ಜನ ಮಗಳು ದಿನಾ ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಿದ್ದಳು. ಅಪ್ಪ ಜೈಲಿಗೆ ಹೋದರೆ ತಿರುಗಿ ಬರುವ ವಯಸ್ಸಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು.

* * *

ಮರು ಸೋಮವಾರ ಬೆಳಿಗ್ಗೆ ಮೇಡಂ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಪೇಪರಿನ ಮೊದಲ ಪುಟ. ಅದರಲ್ಲಿ ಸತ್ತವನ ಕೊನೆಯ ಫೋಟೋ. ತೆಗೆದದ್ದು ಅದೇ ಪೇಪರಿನ ಫೋಟೋಗ್ರಾಫರ್, ಸತ್ತವನ ಹೆಂಡತಿಯ ಅಣ್ಣ. ಪಾಪ, ಭಾವನ ಸಾವನ್ನು ಕ್ಯಾಮೆರಾದಲ್ಲೇ ನೋಡಿದ ಎಂದು ಊರೆಲ್ಲ ಮರುಗಿತ್ತು.

ಒಳ್ಳೆಯ ಫೋಟೋ. ಹೊಟ್ಟೆ ಉರಿಯುವಷ್ಟು ಒಳ್ಳೆಯದು. ಕಣ್ಣಿನ ರೆಪ್ಪೆ ಎಣಿಸಬಹುದಿತ್ತು. ಮುಖದಲ್ಲಿ ನೋವಿರಲಿಲ್ಲ. ಕೆಲಸ ಮುಗಿಸಿ ಮನೆಗೆ ಹೊರಟವನ ಮುಖ.

ಎಡ ಅಂಚಿನಲ್ಲಿ ಮಬ್ಬಾದ ಬಿಳಿ ಪಟ್ಟಿಯೊಂದಿತ್ತು. ಮೇಡಂ ಅದರ ಮೇಲೆ ಬೆರಳಿಟ್ಟರು.

"ಇದು ಪ್ಯಾಡ್ ತಾನೆ? ಇದನ್ನ ಸ್ಪಷ್ಟ ಮಾಡೋಕಾಗುತ್ತಾ?"

"ಆಗಲ್ಲ ಮೇಡಂ. ಲೆನ್ಸಿನ ಕಿಂಡಿ ಪೂರ್ತಿ ತೆರೆದು, ಒಂದು ಪಾಯಿಂಟ್ ನಾಲ್ಕರಲ್ಲಿ ತೆಗೆದಿದ್ದಾನೆ. ಕಣ್ಣು ಸ್ಪಷ್ಟವಾದ್ರೆ ಕಿವಿ ಮಬ್ಬು. ಲೆನ್ಸ್ ನಂದೇ. ನಾನೇ ಕೊಟ್ಟಿದ್ದು."

ಕತ್ತಲೆ ಹಾಲಿಗೆ ಇದೇ ಸರಿಯಾದ ಲೆನ್ಸಾ ಎಂದು ಕೇಳಿದರು. ಲೆನ್ಸಿನ ಮಾತು ಬಂದರೆ ನನಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಶುರು ಹಚ್ಚಿಕೊಂಡೆ. ಆ ಹಾಲಿನಲ್ಲಿ ನಾಲ್ಕು ದೀಪ, ಅದರಲ್ಲಿ ಎರಡು ಸತ್ತಿವೆ. ಬಾಕ್ಸಿಂಗಿನ ಕೈ ಕಣ್ಣಿಗಿಂತ ಜೋರು, ಶಟರ್ ಸೆಕೆಂಡಿನ ಐನೂರನೇ ಒಂದು ಭಾಗದಲ್ಲಾದರೂ ಮುಚ್ಚಬೇಕು. ದೂರ ಹತ್ತಿರ ಎರಡನ್ನೂ ಹಿಡಿಯುವ ಇಪ್ಪತ್ನಾಲ್ಕರಿಂದ ಎಪ್ಪತ್ತರ ಝೂಮ್ ತೆಗೆದುಕೊಂಡರೆ ಈ ಲೆನ್ಸ್ ಒಳಗೆ ಬಿಡುವ ಬೆಳಕಿನಲ್ಲಿ ಕಾಲು ಭಾಗ ಮಾತ್ರ ಸಿಗುತ್ತದೆ, ಫೋಟೋ ಮರಳು ಮರಳು. ಆದರೂ ಎಲ್ಲರೂ ಒಯ್ಯುವುದು ಝೂಮನ್ನೇ. ರಿಂಗು ಆರು ಮೀಟರ್ ಅಗಲ. ಹೊಡೆದಾಡುವವರು ಎಲ್ಲಿಗೆ ಹೋಗುತ್ತಾರೋ ಯಾರು ಕಂಡರು. ಝೂಮ್ ಇಲ್ಲದ ಈ ಮೂವತ್ತೈದು ಎಂಎಂ ಲೆನ್ಸಿಗೆ ಬೆಳಕು ಧಾರಾಳ, ಆದರೆ ಎರಡು ಮಾರು ದೂರ ಹೋದರೆ ಬಾಕ್ಸರ್ ಬೆರಳುದ್ದ ಆಗುತ್ತಾನೆ. ಅವರಾಗಿ ನಮ್ಮ ಮೂಲೆಗೇ ಬರಬೇಕು. ಬರುತ್ತಾರೆ ಅಂತ...

ಪೇಪರನ್ನು ಮತ್ತೆ ಕೈಗೆ ತೆಗೆದುಕೊಂಡೆ.

"ಝೂಮ್ ಆವತ್ತು ಅಂಗಡೀಲಿತ್ತಾ?"

"ಇತ್ತು. ಕೈಗೂ ಕೊಟ್ಟೆ. ಬೇಡ ಅಂದ."

"ಹಾಗಾದ್ರೆ ಇದನ್ನ ಯಾರು ತಗೊಂಡು ಹೋಗ್ತಾರೆ?"

"ಯಾವ ಮೂಲೇಲಿ ಏನಾಗುತ್ತೆ ಅಂತ ಮೊದಲೇ ಗೊತ್ತಿರೋರು."

ಮೇಡಂ ಬ್ಯಾಗಿನಿಂದ ಒಂದು ಕವರ್ ತೆಗೆದರು. ಸಾವಿನ ಸಂಜೆ ಪೊಲೀಸರು ಕೇಳಿದ ಕೂಡಲೇ ಫೋಟೋಗ್ರಾಫರ್ ಕೊಟ್ಟ ಮೆಮೊರಿ ಕಾರ್ಡಿನ ನಕಲು ಅದರಲ್ಲಿತ್ತು. ಕಂಪ್ಯೂಟರಿಗೆ ಹಾಕಿದೆ. ಮೂವತ್ತೊಂದು ಫೋಟೋ, ಎಲ್ಲವೂ ಎರಡನೇ ರೌಂಡಿನ ಕೊನೆಯ ಹನ್ನೆರಡು ಸೆಕೆಂಡಿನವು. ಮೊದಲ ರೌಂಡಿನದು ಒಂದೂ ಇಲ್ಲ. ಹನ್ನೆರಡು ವರ್ಷ ಕ್ರೀಡಾ ಪುಟಕ್ಕೆ ದುಡಿದವನು ಒಂದು ರೌಂಡು ಪೂರ್ತಿ ಕೈ ಕಟ್ಟಿ ಕೂತಿದ್ದ. ಇನ್ನೊಂದು ವಿಷಯ: ನಂಬರು ಶುರುವಾಗುವುದೇ ಏಳರಿಂದ.

"ಮೊದಲ ಆರು ಎಲ್ಲಿ?" ಎಂದರು ಮೇಡಂ.

ಪಂದ್ಯಕ್ಕೆ ಮುಂಚೆ ಬೆಳಕು ನೋಡಲು ನಾಲ್ಕಾರು ಫೋಟೋ ತೆಗೆಯುತ್ತೇವೆ, ಅವನ್ನು ಅಳಿಸುವ ಗೋಜಿಗೆ ಯಾರೂ ಹೋಗುವುದಿಲ್ಲ ಎಂದೆ. ಅಳಿಸಿದ ಫೋಟೋ ಕಾರ್ಡಿನಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ ಎಂದೂ ಹೇಳಿದೆ. ಅವನು ನನ್ನ ಹತ್ತಿರ ಕೆಲಸ ಕಲಿತವನು.

ಮಧ್ಯಾಹ್ನ ಅಸಲಿ ಕಾರ್ಡು ಬಂತು. ಊಟದ ಹೊತ್ತು ಮೀರುವಷ್ಟರಲ್ಲಿ ಆರೂ ಸಿಕ್ಕವು.

ಮೊದಲನೆಯದು, ಮೂರು ನಲವತ್ತು: ಖಾಲಿ ರಿಂಗು. ಬಿಳಿ ಪ್ಯಾಡ್ ಉಬ್ಬಿಕೊಂಡು ಚಿತ್ರದ ಮೂರನೇ ಒಂದು ಭಾಗ ನುಂಗಿತ್ತು. ಮೂರನೆಯದರಲ್ಲಿ ದೂರದ ಬಾಗಿಲಿನಿಂದ ಬಕೆಟ್ ಹಿಡಿದು ಹೊರಗೆ ಹೋಗುತ್ತಿರುವ ಅಜ್ಜ. ಪ್ಯಾಡ್ ಆಗಲೂ ದಪ್ಪಗೇ ಇತ್ತು. ಐದನೆಯದು, ಮೂರು ಐವತ್ತೊಂದು: ಪ್ಯಾಡ್ ಕಂಬಕ್ಕೆ ಅಂಟಿಕೊಂಡು ಒಣಗಿದ ಎಲೆಯಷ್ಟಾಗಿತ್ತು. ಮೂಲೆ ಪೂರ್ತಿ ಕಾಣುತ್ತಿತ್ತು.

* * *

ಪೇಪರ್ ಆಫೀಸಿನ ಫೋಟೋ ರೂಮಿನಲ್ಲಿ ಅವನೊಬ್ಬನೇ ಕೂತಿದ್ದ. ಮೇಡಂ ಎರಡು ಚಿತ್ರ ಮೇಜಿನ ಮೇಲಿಟ್ಟರು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮೇಡಂ ಬಿಡಿಸಿ ಹೇಳಿದರು. ಝೂಮ್ ಬಿಟ್ಟು ಮೂವತ್ತೈದು ಒಯ್ದದ್ದು, ಯಾವ ಬಾಕ್ಸರಿಗೂ ಸೇರದ ಎರಡು ಬಿಳಿ ಮೂಲೆಯಲ್ಲಿ ಇದೇ ಮೂಲೆ ಹಿಡಿದದ್ದು, ಒಂದು ರೌಂಡು ಸುಮ್ಮನೆ ಕಾದದ್ದು, ಆರು ಫೋಟೋ ಅಳಿಸಿದ್ದು. "ಬೀಳೋ ಜಾಗ ನಿಮಗೆ ಗೊತ್ತಿತ್ತು. ಯಾರು ಹೇಳಿದ್ರು?"

"ಭಾವನೇ ಹೇಳಿದ್ರು."

ಬಾಕ್ಸರನ ಎಡಗಣ್ಣಿನ ರೆಟಿನಾ ಪೊರೆ ಕಳಚುತ್ತಿತ್ತಂತೆ. ಇನ್ನು ಆಡಿದರೆ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತನ್ನನ್ನು ಸಾಕಿ ಬೆಳೆಸಿದ ಸ್ವಂತ ಕೋಚಿಗೆ ಅದನ್ನು ಹೇಳುವ ಧೈರ್ಯ ಬಾಕ್ಸರನಿಗಿರಲಿಲ್ಲ. ಮರ್ಯಾದೆಯಾಗಿ ಸೋತು ಬಿಟ್ಟುಬಿಡೋಣ ಎಂದುಕೊಂಡಿದ್ದ.

"ಎರಡನೇ ರೌಂಡು, ಕಿಟಕಿ ಕಡೆ ಬಿಳಿ ಮೂಲೆ, ಒಂದೇಟು ತಿಂದು ಕೂತ್ಬಿಡ್ತೀನಿ ಅಂದ್ರು. ಹನ್ನೆರಡು ವರ್ಷದಲ್ಲಿ ನಂದೊಂದು ನೆಟ್ಟಗಿರೋ ಫೋಟೋ ನೀನು ತೆಗೆದಿಲ್ಲ, ಬರೀ ಮರಳು, ಇದೊಂದಾದ್ರೂ ತೆಗಿ ಅಂದ್ರು."

ಅದಕ್ಕೇ ಬೆಳಕು ಹೆಚ್ಚು ಹಿಡಿಯುವ ಲೆನ್ಸು ಒಯ್ದ. ಹೋಗಿ ಕೂತರೆ ಪ್ಯಾಡ್ ಅಡ್ಡ. ಈ ಲೆನ್ಸಿಗೆ ಹತ್ತಿರದ್ದೆಲ್ಲ ದೈತ್ಯವಾಗಿ ಕಾಣುತ್ತದೆ, ಎದುರಿಗೆ ಏನೂ ಇರಬಾರದು ಎಂದು ಅವನಿಗೆ ಹೇಳಿಕೊಟ್ಟವನು ನಾನು. ಜಿಪ್ ಎಳೆದ, ಫೋಮ್ ತೆಗೆದು ಕೆಳಗೆ ತಳ್ಳಿದ. ಭಾವ ಹಗ್ಗಕ್ಕೆ ಒರಗಿ ಜಾರುತ್ತಾರೆ, ಕಂಬ ಮುಟ್ಟುವುದೇ ಇಲ್ಲ ಎಂದುಕೊಂಡಿದ್ದನಂತೆ.

"ನೀವು ಪ್ಯಾಡ್ ಒತ್ತಿದಾಗಲೇ ನಂಗೆ ಗೊತ್ತಾಗಿದ್ದು," ಎಂದ. "ಆಮೇಲೆ ಕೈ ತಾನಾಗೇ ಅಳಿಸ್ತು. ನನ್ನ ತಂಗಿ ಆ ಫೋಟೋ ಎದುರಿಗೇ ಕೂತಿರ್ತಾಳೆ ಮೇಡಂ. ಅವಳಿಗೆ ಹೆಂಗೆ ಹೇಳಲಿ?"

"ಅಜ್ಜನ ಮಗಳು ಒಂದು ವಾರದಿಂದ ನನ್ನ ಎದುರಿಗೆ ಕೂತಿದ್ದಾಳೆ," ಎಂದರು ಮೇಡಂ.

ಅವನು ಎದ್ದು ಶರ್ಟು ಸರಿಮಾಡಿಕೊಂಡು ಅವರ ಜೊತೆ ನಡೆದ. ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

* * *

ಅಜ್ಜನನ್ನು ಬಿಡುವಾಗ ಮೇಡಂ ನನ್ನನ್ನೂ ಕರೆದಿದ್ದರು. ಮೂರನೇ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಂಡು ಹೋಗಿದ್ದೆ. ಮಗಳು ಬೆಂಚಿನಿಂದ ಎದ್ದು ನಿಂತಿದ್ದಳು. ಅಜ್ಜ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಇದು ಬೇರೆ ದಿನದ್ದು," ಎಂದ.

"ಅವತ್ತಿಂದೇ ಅಜ್ಜ. ಟೈಮಿದೆ ನೋಡಿ. ನೀವು ತುಂಬಿದ್ರಿ. ನಿಮ್ದೇನೂ ತಪ್ಪಿಲ್ಲ," ಎಂದರು ಮೇಡಂ.

"ಇಲ್ಲಮ್ಮ. ನೀವೆಲ್ಲ ಅಷ್ಟು ಸಲ ಕೇಳಿದ್ರಲ್ಲ, ಯೋಚನೆ ಮಾಡ್ತಾ ಮಾಡ್ತಾ ನೆನಪಾಯ್ತು. ಮೂರು ಮೂಲೆ ತುಂಬಿದೆ. ನಾಲ್ಕನೇದು ಮರೆತೆ."

ಮಗಳು ಅಪ್ಪನ ತೋಳು ಹಿಡಿದಳು. ತುಂಬಿದ್ದು ಈ ಚಿತ್ರದಲ್ಲಿ ಕಾಣ್ತಾ ಇದೆಯಲ್ಲಪ್ಪ ಎಂದು ಮತ್ತೆ ಮತ್ತೆ ಹೇಳಿದಳು. ಅಜ್ಜ ಅವಳಿಗೆ ಸಮಾಧಾನ ಮಾಡುವಂತೆ ತಲೆಯಾಡಿಸಿದ. ನಂಬಲಿಲ್ಲ. ಅವನ ಮುಖ ನೋಡಲಾಗದೆ ನಾನು ಗೋಡೆ ಕಡೆ ತಿರುಗಿದೆ.

ಬಾಗಿಲ ಹತ್ತಿರ ಅಜ್ಜ ನಿಂತು ಮೇಡಂ ಕಡೆ ತಿರುಗಿದ.

"ಸತ್ತ ಹುಡುಗನ ಹೆಂಡ್ತಿ ಹತ್ರ ಒಂದ್ಸಲ ಕರ್ಕೊಂಡು ಹೋಗ್ತೀರಾ ತಾಯಿ? ಕಾಲು ಹಿಡಿದು ಕ್ಷಮೆ ಕೇಳ್ಬೇಕು."

ಅಜ್ಜ ಉತ್ತರಕ್ಕಾಗಿ ಕಾಯುತ್ತಾ ಅಲ್ಲೇ ನಿಂತಿದ್ದ.