ಸಾಕ್ಷಿ ಹಾಕಬೇಡಿ, ಸಿಸ್ಟರ್

ಮಂಜುಶ್ರೀ ಗುಬ್ಬಿಯಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿಗೆ ಬಂದದ್ದೇ ಜಗಳ ಆಡುವುದಕ್ಕೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಎಂ.ಜಿ. ರಸ್ತೆಯ ಮಹಡಿ ಮೇಲಿನ ಆಫೀಸಿನ ಮೆಟ್ಟಿಲು ಹತ್ತುವಾಗಲೂ ಆ ಮಾತುಗಳ ಬಿಸಿ ಆರಿರಲಿಲ್ಲ.

ಒಳಗೆ ಕುಳಿತಿದ್ದವನು ಲಾಯರು ಕಾಂತೇಶ್. ಕುಣಿಗಲ್ಲಿನ ಹುತ್ರಿದುರ್ಗದ ಕಡೆಯವನು. ಕೋರ್ಟಿಗೆ ಹೋಗುವುದು ಕಮ್ಮಿ. ಆಸ್ಪತ್ರೆಗೋ ರೋಗಿಗಳಿಗೋ ಏನಾದರೂ ಕೊಡಬೇಕು ಅನ್ನುವವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಯಾರಿಗೆ ಕೊಡಬೇಕು, ಹೇಗೆ ಕೊಟ್ಟರೆ ಕೊಟ್ಟದ್ದು ನಿಲ್ಲುತ್ತದೆ ಎಂದು ತಿಳಿಸಿ ದಾನಪತ್ರ ಬರೆದುಕೊಡುವುದು ಅವನ ಕಸುಬು.

"ಕಡಬದ ಸಿದ್ದಗಂಗಮ್ಮನವರಿಂದ ನಮ್ ಆಸ್ಪತ್ರೆಗೆ ಡಯಾಲಿಸಿಸ್ ಮಿಷನ್ ಕೊಡ್ಸಿದ್ದು ನೀವೇನಾ?"

"ಕೂತ್ಕೊಳಿ."

"ಕೂರೋಕೆ ಬಂದಿಲ್ಲ. ನಾನು ಅಲ್ಲಿ ಸಿಸ್ಟರ್. ಮಿಷನ್ ಬಂದು ಹನ್ನೊಂದು ತಿಂಗಳಾಯ್ತು. ಕಾಯಿ ಒಡೆದ್ರಿ, ಫೋಟೋ ಹಿಡಿಸ್ಕೊಂಡ್ರಿ, ಅದರ ಮೈಮೇಲೆ ಕೆಂಪು ಪೇಂಟಲ್ಲಿ ಅವರ ಯಜಮಾನರ ಹೆಸರು ಬರೆಸಿದ್ರಿ. ನಡೆಸೋಕೆ ಶುದ್ಧ ನೀರಿನ ಘಟಕ ಇಲ್ಲ, ಕಲಿತವರು ಒಬ್ಬರೂ ಇಲ್ಲ. ಹೂವಿನ ಬೆಡ್‌ಶೀಟ್ ಹೊದ್ದು ಕೂತಿದೆ. ಮೊನ್ನೆ ಬೆಕ್ಕು ಅದರ ಕೆಳಗೆ ಮರಿ ಹಾಕ್ತು."

ಕಾಂತೇಶ್ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ಚೌಡಪ್ಪ ಅಂತ ಒಬ್ರು ಪೇಷಂಟ್. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಬಸ್ಸಲ್ಲಿ ಹೋಗ್ತಾರೆ ರಕ್ತ ಶುದ್ಧ ಮಾಡಿಸ್ಕೊಳೋಕೆ. ಹೋಗೋ ಮುಂಚೆ ಆ ಮಿಷನ್ನಿಗೆ ಕೈ ಮುಗಿದು ಹೋಗ್ತಾರೆ, ದೇವರ ಹಂಗೆ. ದೇವರಾದ್ರೂ ಆಗಾಗ ವರ ಕೊಡ್ತಾನೆ."

ಅವನು ಮೇಜಿನ ಡ್ರಾಯರು ಅರ್ಧ ಎಳೆದ. ಏನನ್ನೋ ನೋಡಿದ. ಮತ್ತೆ ಮುಚ್ಚಿದ. ಬಿಳಿ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ.

"ಮಿಷನ್ ನಡೀಬೇಕಾದ್ರೆ ಏನೇನು ಬೇಕು, ಒಂದೊಂದಾಗಿ ಹೇಳಿ."

ಅವಳು ನಿಂತೇ ಹೇಳಿದಳು. ಅವನು ಪ್ರತಿ ಮಾತಿಗೂ ತಲೆ ಎತ್ತಿ, ಅವಳ ಮುಖ ನೋಡಿ, ಆಮೇಲೆ ಬರೆಯುತ್ತಿದ್ದ. ನಿಧಾನದ ಕಣ್ಣುಗಳು. ಅವಸರವಿಲ್ಲದೆ ಬಂದು, ಒಂದು ಗಳಿಗೆ ಇದ್ದು, ಹೇಳದೆ ಹೊರಟು ಹೋಗುವಂಥವು. ಜೋಡಿಸಿಕೊಂಡು ಬಂದ ಜಗಳದಲ್ಲಿ ಅರ್ಧ ಅವಳ ಬಾಯಲ್ಲೇ ಉಳಿದುಹೋಯಿತು. ವಾಪಸು ಬಸ್ಸಿನಲ್ಲಿ ಅದಕ್ಕೂ ಸಿಟ್ಟು ಬಂತು.

*

ಮುಂದಿನ ಶನಿವಾರ ಇಬ್ಬರೂ ಕಡಬಕ್ಕೆ ಹೋದರು. ಸಿದ್ದಗಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಗಂಡನಿಗೆ ಕೊಬ್ಬರಿ ವ್ಯಾಪಾರವಿತ್ತು. ಎರಡೂ ಕಿಡ್ನಿ ಕೆಟ್ಟು ತೀರಿಹೋಗಿದ್ದರು. ಮಕ್ಕಳಿಲ್ಲ.

"ಅಮ್ಮ, ಈಗ ಮಿಷನ್ ಅಲ್ಲ. ಒಂದು ಇಡುಗಂಟು ಇಟ್ಟು, ಅದರ ಬಡ್ಡೀಲಿ ನೀರಿನ ಘಟಕ, ನಡೆಸೋರ ಸಂಬಳ. ಮಿಷನ್ ತಾನಾಗೇ ನಡೆಯುತ್ತೆ," ಎಂದ ಕಾಂತೇಶ್.

"ಸಂಬಳದ ಮೇಲೆ ಯಜಮಾನ್ರ ಹೆಸರು ಹೆಂಗಪ್ಪಾ ಬರುಸ್ತೀಯಾ?"

"ಬರೆಸೋಕಾಗಲ್ಲ."

"ನೀರಿನ ಮ್ಯಾಲೆ?"

"ಆಗಲ್ಲ ಅಮ್ಮ."

"ಮತ್ತೆ ನಂಗೇನು ಸಿಗ್ತು ಬುಡು."

ಮಂಜುಶ್ರೀಗೆ ತಡೆಯಲಾಗಲಿಲ್ಲ. "ಅಜ್ಜಿ, ಟ್ಯೂಬ್‌ಲೈಟ್ ಮೇಲೆ ಹೆಸರು ಬರೆಸಿ ಬರೆಸಿ ನಮ್ ವಾರ್ಡಲ್ಲಿ ಬೆಳಕೇ ಇಲ್ಲ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಾಲಿಗೆ ಚೆನ್ನಾಗೈತೆ ಕಣವ್ವ ನಿಂದು. ಈ ಲಾಯರಪ್ಪನೂ ಹೋದ್ ವರ್ಸಾನೇ ಇದನ್ನೇ ಹೇಳ್ದ. ಬರೀ ಮಿಷನ್ ಕೊಡಬ್ಯಾಡಿ, ಅಂತ ಕಾಗದಾನೇ ಬರ್ದಿದ್ದ. ನಾನೂ ನಿಮ್ಮ ಆಸ್ಪತ್ರೆ ಕಮಿಟಿಯೋರೂ ಕೇಳ್ಲಿಲ್ಲ."

ಮಂಜುಶ್ರೀಗೆ ಕಿವಿ ಬಿಸಿಯಾಯಿತು. ಅರ್ಧ ಎಳೆದು ಮುಚ್ಚಿದ ಡ್ರಾಯರಿನಲ್ಲಿ ಇದ್ದದ್ದೇನು ಎಂದು ಆಗ ತಿಳಿಯಿತು. ಕೆರೆ ಏರಿಯ ಮೇಲೆ ಬಸ್ಸಿಗೆ ಕಾಯುವಾಗ ಕೇಳಿದಳು.

"ಅವತ್ತೇ ಆ ಕಾಗದ ತೋರಿಸಬೋದಿತ್ತಲ್ಲ. ಅಷ್ಟೊಂದು ಬೈಸ್ಕೊಂಡ್ರಿ."

"ನೀವು ಕೂರ್ಲೇ ಇಲ್ವಲ್ಲ."

ಏರಿಯ ಗಾಳಿಗೆ ಅವಳ ಸೆರಗು ಹಾರಿ ಅವನ ಫೈಲಿನ ಮೂಲೆಗೆ ಸಿಕ್ಕಿಕೊಂಡಿತು. ಬಿಡಿಸುವುದಕ್ಕೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಒಟ್ಟಿಗೇ ತೆಗೆದರು. ಸೆರಗು ಹಾಗೇ ಉಳಿಯಿತು. ಬಸ್ಸು ಬರುವವರೆಗೆ ಇಬ್ಬರೂ ಅದು ಕಾಣದವರ ಹಾಗೆ ಕೆರೆ ನೋಡುತ್ತಾ ನಿಂತರು.

*

ಇಡುಗಂಟಿನ ದಾನಪತ್ರ ಒಂದು ತಿಂಗಳಲ್ಲಿ ಆಗುತ್ತದೆ ಎಂದುಕೊಂಡಿದ್ದು ವರ್ಷಕ್ಕೆ ಬಿತ್ತು.

ಸಿದ್ದಗಂಗಮ್ಮ ಒಪ್ಪುವುದು, ಮರುವಾರ ಬೇಡ ಎನ್ನುವುದು. ತಮ್ಮ ಸೀಮೆಯಲ್ಲಿ ಇಷ್ಟು ಜನಕ್ಕೆ ಕಿಡ್ನಿ ಯಾಕೆ ಕೆಡುತ್ತದೆ ಎಂದು ಒಮ್ಮೆ ಅವರೇ ಕೇಳಿದರು. ಕಾಂತೇಶ್ ಅದನ್ನು ಬಿಡಲಿಲ್ಲ. ಬೆಂಗಳೂರಿನ ಒಬ್ಬ ಡಾಕ್ಟರ ಹತ್ತಿರ ಹೋಗಿ, ಮೂರು ವರ್ಷ ರೋಗಿಗಳ ರಕ್ತ, ಕುಡಿಯುವ ನೀರು, ತಿನ್ನುವ ಮಾತ್ರೆ ಎಲ್ಲ ಪರೀಕ್ಷೆ ಮಾಡಿ ನೋಡುವ ಸಂಶೋಧನೆಗೆ ಏನು ಬೇಕು ಎಂದು ಬರೆಸಿಕೊಂಡು ಬಂದ.

"ಮೂರು ವರ್ಸ ಹುಡುಕಿ, ಕಾರಣ ಸಿಗದೇ ಹೋದ್ರೆ?" ಎಂದರು ಸಿದ್ದಗಂಗಮ್ಮ.

"ಸಿಗ್ಲಿಲ್ಲ ಅಂತ ಬರೀತಾರೆ ಅಮ್ಮ."

"ಸಿಗ್ಲಿಲ್ಲ ಅಂತ ಬರಿಯಾಕೆ ನನ್ನ ದುಡ್ಡಾ?"

"ಇಲ್ಲಿಲ್ಲ ಅಂತ ಗೊತ್ತಾದ್ರೆ ಮುಂದಿನೋರು ಬೇರೆ ಕಡೆ ಹುಡುಕ್ತಾರೆ. ಕಳೆದುಹೋದ ಕರೂನ ನೀವು ಹಂಗೇ ಅಲ್ವಾ ಹುಡ್ಕೋದು?"

ಮುದುಕಿ ಎಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟುಕೊಂಡು, "ಅದನ್ನೂ ಸೇರಿಸು," ಎಂದರು. ಪತ್ರ ಮತ್ತೆ ಮೊದಲಿಂದ ಬರೆಯಬೇಕಾಯಿತು.

ಅಷ್ಟರಲ್ಲಿ ಸಿದ್ದಗಂಗಮ್ಮನ ಮೈದುನನ ಮಗ ಬೆಟ್ಟಸ್ವಾಮಿ ತಿರುಗಿಬಿದ್ದ. ಮುದುಕಿಯ ತಲೆ ಕೆಡಿಸಿ ಲಾಯರೂ ನರ್ಸಮ್ಮನೂ ಆಸ್ತಿ ನುಂಗುತ್ತಿದ್ದಾರೆ, ಕೋರ್ಟಿಗೆ ಹಾಕುತ್ತೇನೆ ಎಂದು ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ.

ಅಂದಿನಿಂದ ಕಾಂತೇಶ್ ಬೇರೆಯೇ ಮನುಷ್ಯನಾದ. ಆಸ್ಪತ್ರೆಗೆ ಬಂದರೆ ಕಾಫಿ ಬೇಡ ಎನ್ನುವನು. ಕಡಬಕ್ಕೆ ಅವಳು ಮೊದಲ ಬಸ್ಸಿನಲ್ಲಿ ಹೋದರೆ ಅವನು ಎರಡನೆಯದರಲ್ಲಿ ಬರುವನು. ಹೆಸರು ಹಿಡಿದು ಕರೆಯಲು ಶುರುಮಾಡಿದ್ದವನು ಮತ್ತೆ ಸಿಸ್ಟರ್ ಎಂದ. ಆ ಕಣ್ಣುಗಳು ಮಾತ್ರ ಮೊದಲಿನಂತೆಯೇ ಬಂದು, ಗಳಿಗೆ ಇದ್ದು, ಹೋಗುತ್ತಿದ್ದವು. ಅದೇ ಅವಳನ್ನು ಉರಿಸುತ್ತಿದ್ದುದು. ಬಾಗಿಲು ಹಾಕಿಕೊಂಡವನು ಕಿಟಕಿಯನ್ನಾದರೂ ಮುಚ್ಚಬೇಡವೇ?

ಅವಳಿಗೆ ಮೂವತ್ತೊಂದು ತುಂಬಿತ್ತು. ಅಣ್ಣ ಒಂದು ಸಂಬಂಧ ತಂದಿದ್ದ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಒಳ್ಳೆಯವನೇ. ಸೋಮವಾರದೊಳಗೆ ಹೂಂ ಅನ್ನು, ಊಹೂಂ ಅನ್ನು, ಎಂದಿದ್ದ ಅಣ್ಣ.

ಒಂದು ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ಕಾಂತೇಶನನ್ನು ತಡೆದು ನಿಲ್ಲಿಸಿದಳು.

"ನಂಗೆ ಗಂಡು ನೋಡಿದಾರೆ."

ಅವನ ಕೈಯಲ್ಲಿದ್ದ ಫೈಲು ಇನ್ನೊಂದು ಕೈಗೆ ಹೋಯಿತು. ಮತ್ತೆ ಈ ಕೈಗೆ ಬಂತು.

"ಯಾವಾಗ ಹೇಳ್ಬೇಕು?"

"ಸೋಮವಾರ."

"ಶನಿವಾರ ರಿಜಿಸ್ಟ್ರೇಷನ್ ಇದೆ. ಮೊದ್ಲು ಪತ್ರ ಆಗ್ಲಿ."

"ಏನ್ ಕೇಳಿದ್ರೂ ಪತ್ರ ಆಗ್ಲಿ. ಊರಲ್ಲಿ ಮಳೆ ಬರೋದೂ ನಿಮ್ ಪತ್ರ ಆದ್ಮೇಲೇನಾ?"

ಅವನು ಬಾಯಿ ತೆರೆದ. ಹಿಂದಿನಿಂದ ಚೌಡಪ್ಪ ಕಾಲೆಳೆಯುತ್ತಾ ಬಂದರು. ಆ ವಾರ ಬೆಂಗಳೂರಿಗೆ ಹೋಗಲಾಗದೆ ಮುಖ ಊದಿತ್ತು. "ಏನ್ ಲಾಯರೇ, ಮಿಷನ್ ಶುರು ಆಗೋವರ್ಗೂ ನಾನಿರ್ತೀನಾ? ಬಸ್ಸು ಕುಲುಕಿ ಕುಲುಕಿ ರಕ್ತ ತಾನೇ ತೊಳ್ಕೊಳೋ ಹಂಗಿದ್ರೆ ನಾನೇನು ಕೇಳ್ತಿರ್ಲಿಲ್ಲ," ಎಂದರು. ಕಾಂತೇಶ್ ಬಾಯಿ ಮುಚ್ಚಿಕೊಂಡ. ಅಂದು ಮನೆಗೆ ಹೋಗುವಾಗ ಮಂಜುಶ್ರೀ, ಸೋಮವಾರ ಹೂಂ ಅಂದುಬಿಡುವುದು ಎಂದು ತೀರ್ಮಾನಿಸಿದಳು.

*

ಶನಿವಾರ ಗುಬ್ಬಿಯ ಸಬ್ ರಿಜಿಸ್ಟ್ರಾರ್ ಕಚೇರಿ. ಸಿದ್ದಗಂಗಮ್ಮ ಹೊಸ ಸೀರೆ ಉಟ್ಟು ಬಂದಿದ್ದರು. ಒಂದು ಸಾಕ್ಷಿಗೆ ಕಾಂತೇಶನ ಗುರುಗಳಾದ ತುಮಕೂರಿನ ಆಡಿಟರು ಶ್ರೀಕಂಠಯ್ಯ. ಇನ್ನೊಂದಕ್ಕೆ ಮಂಜುಶ್ರೀಯೇ ಆಗಬೇಕೆಂದು ಮುದುಕಿ ಹಟ ಹಿಡಿದು ಕರೆಸಿದ್ದರು.

ಪತ್ರ ಓದಿದ್ದಾಯಿತು. ಸಿದ್ದಗಂಗಮ್ಮ ಹೆಬ್ಬೆಟ್ಟು ಒತ್ತಿದರು. ಶ್ರೀಕಂಠಯ್ಯ ರುಜು ಹಾಕಿದರು. ಮಂಜುಶ್ರೀ ಪೆನ್ನು ಹಿಡಿದು ಬಾಗಿದಳು.

"ಸಾಕ್ಷಿ ಹಾಕಬೇಡಿ, ಸಿಸ್ಟರ್."

ಅವಳು ಬಾಗಿದಂತೆಯೇ ನಿಂತಳು. ಒಂದು ವರ್ಷ ಬಸ್ಸು ಅಲೆದದ್ದು, ಪಟ್ಟಿ ಮಾಡಿದ್ದು, ಬೈಸಿಕೊಂಡದ್ದು ಎಲ್ಲ ಒಟ್ಟಿಗೆ ನೆನಪಾಯಿತು.

"ಯಾಕೆ? ನನ್ ಸೈನ್ ಅಷ್ಟು ಕೀಳಾ?"

"ಹಂಗಲ್ಲ. ನೀವು ಬೇಡ. ಹೊರಗೆ ಅರ್ಜಿ ಬರೆಯೋ ಗಂಗರಾಜು ಇದಾರೆ, ಅವರು ಹಾಕ್ಲಿ."

"ಕಾರಣ ಹೇಳಿ. ಹೇಳದೆ ಈ ಪೆನ್ ಕೊಡಲ್ಲ."

ಕಾಂತೇಶ್ ಶ್ರೀಕಂಠಯ್ಯನವರನ್ನು ನೋಡಿದ. ಅವರು ಕನ್ನಡಕ ಒರೆಸಿಕೊಳ್ಳತೊಡಗಿದರು. ಸಿದ್ದಗಂಗಮ್ಮ ಕೋಲು ನೆಲಕ್ಕೆ ಕುಟ್ಟಿದರು. "ಹೇಳ್ಲಾ. ನನ್ ಪತ್ರ, ನಾನ್ ಕರ್ಸಿದ ಸಾಕ್ಷಿ. ಬ್ಯಾಡ ಅನ್ನಾಕೆ ನೀನ್ಯಾರು?"

"ನಾಳೆ ಬೆಟ್ಟಸ್ವಾಮಿ ಕೋರ್ಟಿಗೆ ಹೋಗ್ತಾನೆ ಅಮ್ಮ. ಪತ್ರ ಬರೆದವನು ಯಾರು, ಸಾಕ್ಷಿ ಹಾಕಿದವಳು ಅವನಿಗೆ ಏನಾಗ್ಬೇಕು ಅಂತ ಕೇಳ್ತಾರೆ." ಅವನ ದನಿ ಅಲ್ಲಿಗೆ ತಗ್ಗಿತು. "ಆಗ ಇವರು ನನಗೆ ಏನೂ ಆಗ್ಬೇಕಾಗಿಲ್ಲ ಅಂತ ನಾನು ಹೇಳೋ ಹಂಗಿರಲ್ಲ. ಹಂಗೆ ಹೇಳೋ ಹಂಗಿರಬಾರದು ಅಂತಾನೇ ನನ್ನಾಸೆ. ಇವರು ಒಪ್ಪಿದ್ರೆ."

ಕಚೇರಿಯಲ್ಲಿ ಸೀಲು ಒತ್ತುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿದ.

"ಎಷ್ಟು ದಿನದಿಂದ್ಲಾ ಇದು?" ಎಂದರು ಸಿದ್ದಗಂಗಮ್ಮ.

"ಇವರು ನನ್ ಆಫೀಸಿಗೆ ಬಂದು, ಕೂರೋಕೆ ಬಂದಿಲ್ಲ ಅಂದ್ರಲ್ಲ, ಆವತ್ತಿಂದ. ಪತ್ರ ಆಗೋಕೆ ಮುಂಚೆ ಬಾಯಿ ಬಿಟ್ಟಿದ್ರೆ, ಹೆಂಡ್ತಿ ಆಗೋಳ ವಾರ್ಡಿಗೆ ದುಡ್ಡು ತಿರುಗಿಸಿದ ಅಂತ ಪತ್ರಾನೇ ಬಿದ್ದೋಗ್ತಿತ್ತು. ಚೌಡಪ್ಪನವರು ಬಸ್ಸಲ್ಲೇ ಉಳೀತಿದ್ರು."

"ಅಲ್ಲ ಕಣ್ಲಾ, ನಾನು ವಾರಕ್ಕೊಂದು ಮಾತು ಬದಲಾಯಿಸ್ತಾ ಕೂತಿದ್ನಲ್ಲ. ಒಂದು ಸೊಲ್ಲು ಹೇಳಿದ್ರೆ ಬ್ಯಾಗ ಮುಗಿಸ್ತಿರ್ಲಿಲ್ವಾ? ಈ ಮಗೀನ ಒಣಗಿಸ್ಬುಟ್ಟಲ್ಲೋ." ಮುದುಕಿ ಮಂಜುಶ್ರೀಯ ಕೈಯಿಂದ ಪೆನ್ನು ತಾವೇ ಬಿಡಿಸಿಕೊಂಡರು. "ಕರೀರಿ ಆ ಗಂಗರಾಜೂನ."

*

ಗಂಗರಾಜುವಿನ ರುಜು ಬಿದ್ದು, ಸೀಲು ಬಿದ್ದು, ಪತ್ರವಾಯಿತು. ಆರು ವಾರದೊಳಗೆ ನೀರಿನ ಘಟಕ ಕೂರಿಸುವುದಾಗಿ ಬರೆದಿತ್ತು.

ಹೊರಗೆ ಹುಣಸೆಮರದ ಕೆಳಗೆ ಮಂಜುಶ್ರೀ ಅವನಿಗೆ ಬೆನ್ನು ಮಾಡಿ ನಿಂತಿದ್ದಳು. ಅವಳಿಗೆ ಅಳು ಬಂದಿರಲಿಲ್ಲ. ಸಿಟ್ಟೇ ಇನ್ನೂ ಮುಗಿದಿರಲಿಲ್ಲ.

"ಊರೋರಿಗೆಲ್ಲ ಏನ್ ಬೇಕು ಅಂತ ಕೇಳಿ ಕೇಳಿ ಬರ್ಕೋತೀರಾ. ನನ್ನ ಒಂದು ಸಲ ಕೇಳಿದ್ರಾ? ನಾನು ಸೋಮವಾರ ಹೂಂ ಅನ್ನೋಳಿದ್ದೆ, ಗೊತ್ತಾ ನಿಮಗೆ?"

"ಅನ್ನಿಸಿತ್ತು. ಎರಡು ರಾತ್ರಿ ನಿದ್ದೆ ಇಲ್ಲ."

"ನಾನೀಗ ಒಪ್ಪಲಿಲ್ಲ ಅಂದ್ರೆ?"

"ಒಪ್ಪದಿದ್ರೂ ಪತ್ರ ನಿಲ್ಲುತ್ತೆ."

ಅವಳು ತಿರುಗಿದಳು. ಇಂಥ ಹೊತ್ತಿನಲ್ಲೂ ಇಂಥ ಮಾತಾಡುವ ಮನುಷ್ಯನನ್ನು ಏನು ಮಾಡಬೇಕೆಂದು ತಿಳಿಯದೆ ನೋಡಿದಳು. ಅವನ ಕಣ್ಣುಗಳು ಬಂದವು. ಈ ಸಲ ಹೊರಡಲಿಲ್ಲ. ಮೊದಲು ನೋಟ ಇಳಿಸಿದವಳು ಅವಳೇ.

"ಒಂದ್ರುಪಾಯಿ ಕಾಯಿನ್ ಇದ್ರೆ ಕೊಡಿ," ಎಂದಳು.

ರಸ್ತೆಯಾಚೆಯ ಅಂಗಡಿ ಮುಂದೆ ಕೆಂಪು ಫೋನಿತ್ತು. ಅವಳು ನಾಣ್ಯ ಹಾಕಿ ಅಣ್ಣನ ಪಕ್ಕದ ಮನೆಗೆ ಫೋನು ಮಾಡಿದಳು. ಕಾಂತೇಶ್ ಎರಡು ಹೆಜ್ಜೆ ದೂರ ನಿಂತ, ಕರೆಯದೆ ಹತ್ತಿರ ಬರುವ ಜಾತಿಯವನಲ್ಲ. ಅಣ್ಣ ಬಂದು ಫೋನು ಹಿಡಿದ.

"ಅಣ್ಣಾ, ಸೋಮವಾರದ ತನಕ ಕಾಯೋದು ಬೇಡ. ಹಿರೇಹಳ್ಳಿಯವರಿಗೆ ಆಗಲ್ಲ ಅಂತ ಹೇಳ್ಬಿಡು."

ಆ ಕಡೆಯಿಂದ ಏನೋ ಗದರಿಕೆ ಕೇಳಿಸಿತು.

"ಬೇರೆ ಕಡೆ ಮಾತಾಗಿದೆ ಅಣ್ಣ."

ಮತ್ತೆ ಗದರಿಕೆ. ಮಾತಾಡಿದವರು ಯಾರಂತೆ, ಹಿರಿಯರು ಯಾರು ಬಂದಿದ್ದರು, ಯಾರ ಕಡೆಯಿಂದ ಮಾತು ಬಂತು?

ಮಂಜುಶ್ರೀ ಫೋನಿನ ವೈರು ಬೆರಳಿಗೆ ಸುತ್ತಿಕೊಳ್ಳುತ್ತಾ, ಫೈಲು ಎದೆಗೆ ಒತ್ತಿಕೊಂಡು ನಿಂತವನನ್ನು ನೋಡಿದಳು. ಇವನನ್ನು ನಂಬಿಕೊಂಡು ಕುಳಿತರೆ ಇನ್ನೊಂದು ವರ್ಷವಾಗುತ್ತದೆ.

"ನನ್ನ ಕಡೆಯಿಂದಲೇ," ಎಂದಳು.