ಮೊದಲನೇ ಆಪ್ಶನ್

ಹೊಸ ತಿಪ್ಪಸಂದ್ರ ಮಾರ್ಕೆಟ್ ರೋಡಲ್ಲಿ ಈರೇಶನ ಸೈಬರ್ ಸೆಂಟರ್ ಅಂತ ಒಂದಿದೆ. ಸೆಂಟರ್ ಅನ್ನೋದು ದೊಡ್ಡ ಮಾತಾಯ್ತು. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಆ ಪ್ರಿಂಟರಿಗೂ ಎರಡು ಹಾಳೆಗೊಂದ್ಸಲ ಸುಸ್ತು. ಆದ್ರೆ ಸಿಇಟಿ ಸೀಸನ್ನಲ್ಲಿ ನೋಡ್ಬೇಕು ನೀವು, ಕಾಲಿಡೋಕೆ ಜಾಗ ಇರಲ್ಲ. ಆ ನೂಕುನುಗ್ಗಲಲ್ಲಿ ದೊಮ್ಮಲೂರಿನ ಶ್ವೇತ ಯಾವ ಕಾಲೇಜು, ಯಾವ ಕೋರ್ಸು ಬೇಕು ಅಂತ ತುಂಬಿದ ತನ್ನ ಆಪ್ಶನ್ ಲಿಸ್ಟನ್ನ ಎದೆಗೆ ಅವಚ್ಕೊಂಡು ಹೊರಗೆ ಬಂದ್ಲು, ಹಲಸೂರಿನ ಸುಗತ ಒಳಗೆ ನುಗ್ತಿದ್ದ. ಬಾಗಿಲಲ್ಲೇ ಡಿಕ್ಕಿ.

"ತೋರಿಸು," ಅಂದ ಸುಗತ.

"ಯಾಕ್ ತೋರಿಸ್ಲಿ?"

"ನಂದು ತೋರಿಸಿಲ್ವಾ?"

"ನಿಂದು ನೀನೇ ಊರಿಗೆಲ್ಲಾ ತೋರಿಸ್ಕೊಂಡು ಓಡಾಡ್ತೀಯ. ಅದಕ್ಕೆ ನಾನೇನ್ ಮಾಡ್ಲಿ?"

ಅವನು ನಕ್ಕ. ಈ ಹುಡುಗ ನಗೋವಾಗ ಮೊದ್ಲು ಎಡಗಣ್ಣು ಸಣ್ಣಗಾಗುತ್ತೆ, ಬಾಯಿ ಆಮೇಲೆ. ಪಿಯುಸಿ ಎರಡು ವರ್ಷ ಇಬ್ರೂ ಒಂದೇ ಲ್ಯಾಬು, ಒಂದೇ ಟೇಬಲ್ಲು. ಕೆಮಿಸ್ಟ್ರೀಲಿ ಒಂದೊಂದೇ ಹನಿ ಬಿಟ್ಟು ಬಣ್ಣ ಯಾವಾಗ ತಿರುಗುತ್ತೆ ಅಂತ ಕಾಯ್ತಾರಲ್ಲ, ಹಾಗೆ ಶ್ವೇತ ಆ ಕಣ್ಣಿಗೆ ಕಾಯೋದು ಕಲ್ತುಬಿಟ್ಟಿದ್ಲು. ಕಾಯ್ತಾಳೆ ಅಂತ ಅವನಿಗೆ ಗೊತ್ತಿರ್ಲಿಲ್ಲ, ಇವಳು ಹೇಳಿರ್ಲೂ ಇಲ್ಲ. ಹದಿನೆಂಟು ತುಂಬಿದ ಹುಡುಗೀಗೆ ಬಿಗುಮಾನ ಇರಲ್ವಾ?

ಅವತ್ತು ಮಾತ್ರ ಲಿಸ್ಟ್ ತೋರಿಸದೇ ಇದ್ದಿದ್ದು ಬಿಗುಮಾನಕ್ಕಲ್ಲ. ಕಳ್ಳತನಕ್ಕೆ.

ಶ್ವೇತನ ಅಪ್ಪ ಕೆಂಪರಾಜ್. ಅವರಪ್ಪನ ಕಾಲದಲ್ಲಿ ದೊಮ್ಮಲೂರಲ್ಲಿ ರಾಗಿ, ಸೊಪ್ಪು ಬೆಳೀತಿದ್ರು. ಈಗ ಆ ಹೊಲದ ಮೇಲೆ ಆಫೀಸುಗಳು ನಿಂತಿವೆ, ಇವರಿಗೆ ಉಳಿದಿದ್ದು ಬಾಡಿಗೆ ಬರೋ ಮೂರು ಅಂತಸ್ತಿನ ಮನೆ. ಅದರ ತಾರಸಿ ಮೇಲೆ ಅಜ್ಜಿ ಅಣ್ಣಮ್ಮ ಹಳೇ ಬಕೆಟ್ಟುಗಳಲ್ಲಿ ದಂಟು, ಅವರೆ ಹಾಕ್ಕೊಂಡು ಇನ್ನೂ ಹೊಲದಲ್ಲೇ ಇದೀನಿ ಅನ್ನೋ ಹಾಗೆ ಬದುಕ್ತಾ ಇದ್ಲು. ಮೊಮ್ಮಗಳಿಗೂ ಅದೇ ಹುಚ್ಚು. ಬಿಎಸ್ಸಿ ಅಗ್ರಿ ಓದ್ತೀನಿ ಅಂತ ಹತ್ತನೇ ಕ್ಲಾಸಿಂದ ಕಂಡಕಂಡೋರಿಗೆಲ್ಲಾ ಹೇಳ್ಕೊಂಡು ಬಂದಿದ್ಲು.

ಸುಗತನ ಅಪ್ಪ ಅಂಜನಮೂರ್ತಿ ವಿಮಾನದ ಫ್ಯಾಕ್ಟರೀಲಿ ಫಿಟ್ಟರ್. ಮಗನಿಗೆ ಏರೋನಾಟಿಕಲ್ ಇಂಜಿನಿಯರಿಂಗ್ ಬೇಕು. ಅದೂ ಸಿಟೀಲಿರೋ ಒಂದು ಕಾಲೇಜಲ್ಲೇ, ಬೇರೆಲ್ಲೂ ಬೇಡ.

ಶ್ವೇತ ಮಾಡಿದ್ದೇನಪ್ಪಾ ಅಂದ್ರೆ, ಮೊದಲನೇ ಆಪ್ಶನ್ನಿಗೆ ಅವನ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಹಾಕಿದ್ಲು. ಅಗ್ರಿನ ಕೆಳಕ್ಕೆ ತಳ್ಳಿದ್ಲು. ಆ ಲಿಸ್ಟಿನ ಕಾನೂನು ಗೊತ್ತಲ್ಲ, ಮೇಲಿನದು ಸಿಕ್ತು ಅಂದ್ರೆ ಕೆಳಗಿಂದೆಲ್ಲಾ ಮಾಯ. ಅಪ್ಪ ಬಲವಂತ ಮಾಡಿರ್ಬೇಕು ಅಂತ ಮಾತ್ರ ಅಂದ್ಕೋಬೇಡಿ. ಕೆಂಪರಾಜ್‌ಗೆ ಆಸೆ ಇತ್ತು, ಬಾಯಿಬಿಟ್ಟು ಒಂದ್ಮಾತು ಕೇಳಿರ್ಲಿಲ್ಲ ಮಹಾನುಭಾವ.

ಹತ್ತು ದಿನಕ್ಕೆ ಮಾಕ್ ಅಲಾಟ್ಮೆಂಟ್ ಬಂತು. ಅದು ಸೀಟಿನ ರಿಹರ್ಸಲ್ ಇದ್ದಂಗೆ, ನೋಡಿ ಬೇಕಾದ್ರೆ ಲಿಸ್ಟ್ ಬದಲಾಯಿಸ್ಬಹುದು. ಶ್ವೇತಂಗೆ ಸಿಎಸ್, ಸುಗತಂಗೆ ಏರೋ, ಒಂದೇ ಕಾಲೇಜು. ಕೆಂಪರಾಜ್ ಬಾಡಿಗೆಯವರಿಂದ ಶುರು ಮಾಡಿ ಫ್ಲೈಓವರ್ ತನಕ ಲಾಡು ಹಂಚ್ಕೊಂಡು ಬಂದ. ಅಣ್ಣಮ್ಮಜ್ಜಿ ಮಾತ್ರ ಲಾಡು ಮುಟ್ಲಿಲ್ಲ, ಹಲ್ಲು ನೋವು ಅಂದ್ಲು. ಇದ್ದಿದ್ದೇ ನಾಲ್ಕು ಹಲ್ಲು.

ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ವಿಷಯ ಹರಿದಾಡ್ತು. ಮಧ್ಯಾಹ್ನಕ್ಕೆ ಸುಗತನ ಮೆಸೇಜ್ ಬಂತು, ಹಲಸೂರು ಕೆರೆ ಹತ್ರ ಬಾ ಅಂತ. ಶ್ವೇತ ಮೂರು ಕುರ್ತಾ ಬದಲಾಯಿಸಿ, ಕೊನೆಗೆ ಮೊದ್ಲು ಹಾಕಿದ್ದನ್ನೇ ಹಾಕ್ಕೊಂಡು ಹೋದ್ಲು.

ಅವನು ನಗ್ತಿರ್ಲಿಲ್ಲ.

"ಸಿಎಸ್ ಯಾಕೆ?" ಅಂದ.

"ಸ್ಕೋಪ್ ಇದೆ."

"ನಿಮ್ಮಪ್ಪ ಹೇಳಿದ್ರಾ?"

"ಇಲ್ಲ."

"ಮತ್ತೆ?"

ಅವಳು ಕೆರೆ ನೋಡಿದ್ಲು. ಕೆರೆ ನೋಡೋರ ಕಿವಿ ಅಷ್ಟು ಕೆಂಪಾಗಲ್ಲ. ಅವನಿಗೆ ಅರ್ಥ ಆಯ್ತು. ಆಗ ಅವನ ಕಿವೀನೂ ಕೆಂಪಾಯ್ತು, ಖುಷಿ ಆಗ್ಲಿಲ್ಲ ಅಂದ್ರೆ ಸುಳ್ಳು. ಅರ್ಧ ನಿಮಿಷ ಇಬ್ರೂ ಒಬ್ಬರ ಚಪ್ಪಲಿ ಒಬ್ಬರು ನೋಡ್ತಾ ನಿಂತ್ರು.

ಆಮೇಲೆ ಅವನು ಮೆಲ್ಲಗೆ ಹೇಳ್ದ, "ನಮ್ಮಮ್ಮಂಗೆ ನಿನ್ನ ವಿಷಯ ಹೇಳಿದೀನಿ. ಕ್ಲಾಸಿಗೆ ಕ್ಲಾಸೇ ಕಂಪ್ಯೂಟರ್ ಅಂತ ಓಡ್ತಿದ್ರೆ, ಒಬ್ಳು ನಿಂತ್ಕೊಂಡು ನಂಗೆ ಮಣ್ಣು ಬೇಕು ಅಂತಾಳೆ ಅಂತ. ಅಮ್ಮ ಅದನ್ನ ಬೀದಿಗೆಲ್ಲಾ ಹೇಳ್ಕೊಂಡಿದಾಳೆ. ಈಗ ಹೋಗಿ ಏನ್ ಹೇಳ್ಲಿ?"

"ನಿನ್ನ ಹತ್ರ ಇರೋಣ ಅಂತ ಬಂದ್ರೆ, ನಿಂಗೆ ಬೀದಿ ಚಿಂತೆ."

"ಹತ್ರ ಇರ್ತೀಯ. ಎರಡನೇ ವರ್ಷಕ್ಕೆ ನಿಂಗೆ ಸಿಎಸ್ ಸಾಕಾಗುತ್ತಲ್ಲ, ಆಗ ಎದುರಿಗೆ ಯಾರಿರ್ತಾರೆ? ನಾನೇ. ಇವನಿಂದ ಹಿಂಗಾಯ್ತು ಅಂತ ನೋಡ್ತೀಯ. ಆ ನೋಟ ನಂಗೆ ಬೇಡ ಶ್ವೇತ."

ಶ್ವೇತ ಬೈ ಕೂಡ ಹೇಳದೆ ಹೊರಟು ಬಂದ್ಲು. ಆಟೋದಲ್ಲಿ ದಾರಿಯುದ್ದಕ್ಕೂ ಅವನನ್ನ ಬೈಕೊಂಡ್ಲು. ಸೊಕ್ಕು, ದೊಡ್ಡ ಮನುಷ್ಯ, ಪ್ರೀತಿ ಅಂದ್ರೇನು ಅಂತ ಗೊತ್ತಿಲ್ಲದೋನು. ಮನೆ ಹತ್ರ ಬರ್ತಾ ಬರ್ತಾ ಬೈಗುಳ ಖಾಲಿ ಆಯ್ತು. ಅಪ್ಪನಿಗೆ ಅವಳ ಸೀಟಿನ ಮೇಲೆ ಹೆಮ್ಮೆ. ಸುಗತಂಗೆ ಅವಳ ಮೇಲೇ ಹೆಮ್ಮೆ, ಅದನ್ನ ಇವಳೇ ಒದ್ದು ಬಂದಿದ್ದಾಳೆ.

ಲಿಸ್ಟ್ ಬದಲಾಯಿಸೋಕೆ ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಕೊನೆ. ಎಂಟಕ್ಕೆ ಶ್ವೇತ ತಾರಸಿಗೆ ಹೋಗಿ, ಪೇಪರ್ ಓದ್ತಿದ್ದ ಅಪ್ಪನ ಮುಂದೆ ನಿಂತು, ಅಗ್ರಿನ ಮೇಲಕ್ಕೆ ಹಾಕ್ತೀನಿ ಅಂದ್ಲು. ಕೆಂಪರಾಜ್ ಎಗರಾಡ್ದ. ಲಾಡು ತಿಂದೋರಿಗೆ ಏನ್ ಹೇಳೋದು ಅಂದ. ತಿಂದಿದಾರಲ್ಲ, ವಾಪಸ್ ತಂದ್ಕೊಡಲ್ಲ ಬಿಡು ಅಂತ ಅಜ್ಜಿ ಬಕೆಟ್ಟಿನ ಹಿಂದಿಂದ ಅಂದ್ಲು. ನಿನ್ನೆ ತನಕ ಬೇಕಾಗಿದ್ದು ಇವತ್ತು ಯಾಕೆ ಬೇಡ ಆಯ್ತು, ಅದನ್ನ ಹೇಳು ಅಂತ ಅಪ್ಪ ಪಟ್ಟು ಹಿಡ್ದ.

ಸುಳ್ಳು ಹೇಳ್ಬಹುದಿತ್ತು. ಹೇಳ್ಲಿಲ್ಲ.

"ಸಿಎಸ್ ಹಾಕಿದ್ದು ನಿಮಗೋಸ್ಕರ ಅಲ್ಲಪ್ಪ. ಒಬ್ಬ ಹುಡುಗಂಗೋಸ್ಕರ. ಅವನೇ ಬೇಡ ಅಂದ."

ಕೆಂಪರಾಜ್ ಪೇಪರ್ ಮಡಚಿದ. ಇನ್ನೊಂದ್ಸಲ ಮಡಚಿದ. ಯಾರು, ಯಾವ ಕಡೆಯೋರು ಅಂತ ಕೇಳ್ದ. ಹಲಸೂರಿನ ಅಂಜನಮೂರ್ತಿಯವರ ಮಗ, ಸುಗತ ಅಂದ್ಲು, ತಲೆ ತಗ್ಗಿಸ್ದೆ. ಆ ಹೆಸರು ಕೇಳಿ, ನಮ್ಮ ಜಾತಿಯೋರಲ್ಲ ಅಂತ ಅವನ ಮುಖ ಬಿಗಿದಿದ್ದು ನಿಜ, ಮುಚ್ಚಿಡೋಕೆ ಹೋಗಲ್ಲ. ಆಮೇಲೆ ಮಗಳ ಮುಖ ನೋಡ್ದ.

"ತಾನಾಗೇ ಬೇಡ ಅಂದ್ನಾ?"

"ಹೂಂ."

"ಆ ವಯಸ್ಸಲ್ಲಿ ನಂಗಷ್ಟು ಬುದ್ಧಿ ಇರ್ಲಿಲ್ಲ," ಅಂತ ಸ್ಕೂಟರ್ ಕೀ ತಗೊಂಡ.

ಸೈಬರಲ್ಲಿ ಈರೇಶ ಮೂರ್ ಮೂರು ಸಲ ಕೇಳ್ದ, ಸಾರ್ ಸಿಕ್ಕಿರೋ ಸಿಎಸ್ ಕೆಳಗಿಳಿಸ್ತಿದೀನಿ, ಆಮೇಲೆ ನನ್ನ ಬೈಬೇಡಿ ಅಂತ. ಅವಳು ಹೇಳ್ದಂಗೆ ಹಾಕಯ್ಯ ಅಂತ ಕೆಂಪರಾಜ್ ಅವನ ಕುರ್ಚಿ ಹಿಂದೆ ನಿಂತ್ಕೊಂಡ, ಸಬ್ಮಿಟ್ ಆಗೋ ತನಕ.

ನಿಜವಾದ ಸೀಟು ಬಂದಾಗ ಶ್ವೇತಂಗೆ ಧಾರವಾಡ. ಬೆಂಗಳೂರಲ್ಲಿ ಅಗ್ರಿ ಸಿಗೋ ರ‍್ಯಾಂಕು ಅವಳದ್ದಾಗಿರ್ಲಿಲ್ಲ. ಸುಗತಂಗೆ ಅವನು ಕೇಳಿದ್ದೇ ಸಿಕ್ತು. ಪ್ರಿಂಟ್ ತಗೊಳೋಕೆ ಇಬ್ರೂ ಒಂದೇ ದಿನ ಬಂದ್ರು. ಅಪ್ಪ ಒಳಗೆ ಕ್ಯೂನಲ್ಲಿ, ಇವರಿಬ್ರು ಹೊರಗೆ ಸೊಪ್ಪಿನ ಗಾಡಿ ಪಕ್ಕ. ಕೆರೆ ದಂಡೆಯಾದ್ಮೇಲೆ ಇವತ್ತೇ ಎದುರಾಗಿದ್ದು. ಸುಗತ ಅವಳ ಹಾಳೆ ಈಸ್ಕೊಂಡು, ಬಿಎಸ್ಸಿ ಅಗ್ರಿ ಅನ್ನೋ ಕಡೆ ಬೆರಳಿಟ್ಟು ಎರಡು ಸಲ ಓದ್ದ.

"ಅವತ್ತು ಒಂದ್ ಮಾತು ನುಂಗ್ಕೊಂಡೆ," ಅಂದ. "ಹೇಳಿದ್ದಿದ್ರೆ ನೀನು ಲಿಸ್ಟ್ ಬದಲಾಯಿಸ್ತಿರ್ಲಿಲ್ಲ."

"ಈಗ ಲಾಕ್ ಆಗಿದೆ. ಹೇಳು."

"ನೀನಂದ್ರೆ ನಂಗೆ ಪ್ರಾಣ."

ಶ್ವೇತ ದಂಟಿನ ಕಟ್ಟೊಂದು ಎತ್ತಿ, ಬೇರು ನೋಡ್ದಂಗೆ ಮಾಡಿ, ಮತ್ತೆ ಇಟ್ಲು.

"ಧಾರವಾಡ ಎಷ್ಟು ದೂರ ಗೊತ್ತಾ?"

"ನಾನೂರರ ಮೇಲೆ. ನೋಡ್ಕೊಂಡೇ ಬಂದಿದೀನಿ."

"ನಂಗೂ ಹಂಗೇನೇ," ಅಂದ್ಲು ಅವಳು. ದೂರದ ಬಗ್ಗೆ ಹೇಳಿದ್ದಲ್ಲ ಅದು. ಅವನಿಗೂ ಗೊತ್ತಾಯ್ತು.

ಒಳಗಡೆ ಕೆಂಪರಾಜ್ ಕ್ಯೂಗೆಲ್ಲಾ ಕೇಳೋ ಹಾಗೆ, ನನ್ನ ಮಗಳು ಅಗ್ರಿ ಕಣ್ರೀ, ಅವಳೇ ಆರಿಸ್ಕೊಂಡಿದ್ದು ಅಂತ ಹೇಳ್ತಿದ್ದ. ಹೊರಗೆ ಬಂದು ಇವರಿಬ್ಬರನ್ನ ನೋಡಿ ನಿಂತ. ಸುಗತನ್ನ ತಲೆಯಿಂದ ಕಾಲಿನ ತನಕ ಅಳೆದ.

"ನೀನೇನಾ ನನ್ನ ಮಗಳನ್ನ ಬೇಡ ಅಂದೋನು?"

ಸುಗತ ಹಿಂದೆ ಸರೀಲಿಲ್ಲ. "ಮಗಳನ್ನ ಬೇಡ ಅನ್ಲಿಲ್ಲ ಸಾರ್. ಸಿಎಸ್ ಬೇಡ ಅಂದೆ."

ಕೆಂಪರಾಜ್ ಮೀಸೆ ಕೆಳಗೆ ಏನೋ ಸ್ವಲ್ಪ ಸಡಿಲ ಆಯ್ತು. ಎದುರುಗಡೆ ದರ್ಶಿನಿ ಕಡೆ ಕೈ ತೋರಿಸ್ದ.

"ನಡಿ, ಕಾಫಿ ಕುಡಿಯೋಣ. ನಿಮ್ಮಪ್ಪಂಗೂ ಫೋನ್ ಮಾಡು, ಬರ್ಲಿ."