ಹಳೆಯ ತಾರೀಖು

ಟಿಕ್.

ಅಷ್ಟೇ ಸದ್ದು. ನಡುರಾತ್ರಿ ಕಣ್ಣು ಬಿಟ್ಟೆ. ಗಂಡನಿಗೆ ಮುದ್ರಣಾಲಯದಲ್ಲಿ ರಾತ್ರಿಪಾಳಿ; ಪಕ್ಕದ ದಿಂಬು ಖಾಲಿ. ಬಾಗಿಲ ಸಂದಿಯಿಂದ ಜೇನುಬಣ್ಣದ ಬೆಳಕು ತೆಳ್ಳಗೆ ಒಳಕ್ಕೆ ಹರಿದು ಬಂದಿತ್ತು. ಎದ್ದು ನೋಡಿದೆ. ಈಚೆಗೆ ನಾನು ರಾತ್ರಿ ಎರಡೆರಡು ಸಲ ಬಚ್ಚಲಿಗೆ ಹೋಗುವ ದಾರಿಯಲ್ಲಿ, ನೆಲಕ್ಕೆ ಹತ್ತಿರವಿದ್ದ ಪ್ಲಗ್ಗಿನಲ್ಲಿ, ಸಂಜೆ ಇಲ್ಲದಿದ್ದ ಒಂದು ಪುಟ್ಟ ದೀಪ. ನಾನು ಸದಾ ಎಡವುತ್ತಿದ್ದ ಕಾಲೊರಸು ಮಾಯವಾಗಿತ್ತು. ಅತ್ತೆಯ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅತ್ತೆಗೆ ಗೊತ್ತಾಗಿದೆ!

ಗೊತ್ತಾಗಬಾರದಿತ್ತು. ಹಿಂದೆ ಎರಡು ಸಲ ನಾನು ಬಸಿರಾದಾಗ ಅತ್ತೆ ಊರಿಗೆಲ್ಲ ಡಂಗುರ ಸಾರಿದ್ದರು. ಎರಡೂ ಸಲ ಕಳೆದುಕೊಂಡಾಗ ಆ ಊರೆಲ್ಲ ಬಂದು ನನ್ನ ಮುಂದೆ ಕೂತಿತ್ತು. ಒಬ್ಬೊಬ್ಬರಿಗೂ ನಾನೇ ಸಮಾಧಾನ ಹೇಳಬೇಕಾಯಿತು. ಈ ಸಲ ಹೊಟ್ಟೆ ಕಾಣುವವರೆಗೆ ಆಸ್ಪತ್ರೆಯವರನ್ನು ಬಿಟ್ಟರೆ ಗಂಡ, ನಾನು — ಇಬ್ಬರಿಗೇ ಗೊತ್ತಿರಬೇಕು ಎಂದು ಆಣೆ ಇಟ್ಟುಕೊಂಡಿದ್ದೆವು.

ಬಸಿರಿಗೆ ಇದ್ದ ಒಂದೇ ಸಾಕ್ಷಿ ನನ್ನ ಫೋನಿನಲ್ಲಿದ್ದ ಲಸಿಕೆಯ ದಾಖಲೆ. ನನ್ನ ಬೆರಳು ತಾಗದೆ ಆ ಆ್ಯಪ್ ತೆರೆಯುವುದಿಲ್ಲ. ಅದರ ನಿಯಮಗಳನ್ನು ಕೊನೆಯ ಸಾಲಿನವರೆಗೂ ಓದಿದವಳು ನಾನು.

ಹಾಗಾದರೆ ಹೇಳಿದ್ದು ಯಾರು? ಲಸಿಕೆ ಹಾಕುವ ನರ್ಸೇ. ತಿಂಗಳಿಗೊಮ್ಮೆ ಅತ್ತೆಯ ಬಿಪಿ ನೋಡುವವಳೂ ಅವಳೇ. ಬೆಳಗಾಗುವಷ್ಟರಲ್ಲಿ ಆಸ್ಪತ್ರೆಗೆ ದೂರು ಬರೆದಿದ್ದೆ. ಕಳಿಸಿದರೆ ಅವಳ ಕೆಲಸ ಹೋಗುತ್ತದೆ. ಕಳಿಸುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ನನ್ನ ದೊಡ್ಡಪ್ಪನ ಮಗಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆಹಚ್ಚುವುದು ಅವಳ ಕೆಲಸ. ಗುಟ್ಟು ಹೇಳದೆ ಗುಟ್ಟು ಹುಡುಕಿಸುವುದು ಹೇಗೆ? ಅವಳಿಗೂ ಹೇಳಬೇಕಾಯಿತು. ಬಂದವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಗಂಡ ಪಾಳಿ ಮುಗಿಸಿ ಬಂದು ಮಲಗಿದ್ದರು. ಅತ್ತೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು.

"ನಿನ್ನ ಗಂಡ ಬಾಯಿ ಬಿಟ್ಟಿರಬಹುದಲ್ವೇನೇ?"

"ಅಮ್ಮನ ಎದುರು ಅವರು ಬಾಯಿ ಬಿಡೋದು ಊಟಕ್ಕೆ ಮಾತ್ರ, ಅಕ್ಕ."

ಅಕ್ಕ ನಗಲಿಲ್ಲ. ದೀಪ ಬಿಟ್ಟು ಅತ್ತೆ ಇನ್ನೇನೇನು ಮಾಡಿದರು ಎಂದು ಕೇಳಿದಳು. ನೆನಪಾದುದನ್ನೆಲ್ಲ ಹೇಳಿದೆ: ಬಕೆಟ್ಟಿನಲ್ಲಿ ಅರ್ಧವೇ ನೀರು, ಮೇಲಿನ ಕಪಾಟಿನ ಡಬ್ಬಿಗಳೆಲ್ಲ ಕೆಳಕ್ಕೆ. ಕನಸಿನಲ್ಲಿ ಮನೆ ತಾನಾಗಿ ಜಾಗ ಬದಲಿಸಿದ ಹಾಗೆ. ಮತ್ತೆ ಹೋದ ಗುರುವಾರ ಆಫೀಸಿಗೆ ಹೊರಟಾಗ ಬಾಗಿಲಿಗೆ ಬಂದು, ಸ್ಕೂಟರ್ ಬೇಡಮ್ಮ, ಟ್ಯಾಕ್ಸಿಯಲ್ಲಿ ಹೋಗು, ಕೈ ನೋಯುತ್ತೆ ಅಂದಿದ್ದರು. ಯಾಕೆ ನೋಯಬೇಕು ಎಂದರೆ ಗೋಡೆ ನೋಡುತ್ತ, ಚಳಿ ಅಲ್ವಾ, ಅಂದರು.

ಅಕ್ಕ ಕಾಫಿ ಲೋಟ ಕೆಳಗಿಟ್ಟಳು.

"ಗುರುವಾರ ಇಂಜೆಕ್ಷನ್ ಇತ್ತಾ?"

"ಎರಡನೇದು ಇರಬೇಕಿತ್ತು. ಮದ್ದು ಬಂದಿಲ್ಲ ಅಂತ ಸೋಮವಾರವೇ ನರ್ಸ್ ಫೋನ್ ಮಾಡಿ ಮುಂದಿನ ವಾರಕ್ಕೆ ಹಾಕಿದ್ರು."

"ನಿನ್ನ ಗಂಡನಿಗೆ ಗೊತ್ತಾ?"

"ಪಕ್ಕದಲ್ಲೇ ಇದ್ರು."

"ಅತ್ತೆ ಬಿಪಿ ತೋರಿಸಿದ್ದು ಯಾವತ್ತು?"

"ಆ ಗುರುವಾರದ ಹಿಂದಿನ ದಿನ, ಬುಧವಾರ. ಅದಕ್ಕೂ ಹಿಂದೆ ಹೋಗಿದ್ದು ನನ್ನ ಮೊದಲ ಇಂಜೆಕ್ಷನ್‌ಗಿಂತ ಮುಂಚೆ."

"ಅಲ್ಲಿಗೆ ನರ್ಸ್ ಬಚಾವ್," ಎಂದಳು ಅಕ್ಕ. "ಬುಧವಾರ ಅವಳು ಹೇಳಿದ್ರೆ ಹೊಸ ತಾರೀಖು ಹೇಳ್ತಿದ್ಲು. ಮಗ ಹೇಳಿದ್ರೆ, ಬದಲಾಗಿದ್ದನ್ನೂ ಹೇಳ್ತಿದ್ದ. ನಿಮ್ಮತ್ತೆಗೆ ಗೊತ್ತಿರೋದು ಹಳೇ ತಾರೀಖು ಮಾತ್ರ. ಅದು ಎಲ್ಲಿದೆ ಹೇಳು?"

ಆ್ಯಪ್ ತೆರೆದು ತೋರಿಸಿದೆ. ಅಲ್ಲಿ ಹೊಸ ತಾರೀಖು ತಾನಾಗಿ ಬಂದು ಕೂತಿತ್ತು. ಅಕ್ಕ ಫೋನ್ ಕಿತ್ತುಕೊಂಡು ನನ್ನ ಫೋಟೋಗಳನ್ನು ಸರಿಸುತ್ತ ಹೋದಳು. ಮೋಡ, ಎದುರುಮನೆಯ ಬೆಕ್ಕು, ಮತ್ತೆ ಮೋಡ. ಬೆರಳು ನಿಂತಿತು. ನನ್ನ ಹೆಸರು, ಗರ್ಭಿಣಿಯರ ಟೆಟನಸ್ ಲಸಿಕೆ, ಮೊದಲ ಡೋಸ್ ಆಗಿದೆ, ಎರಡನೆಯದಕ್ಕೆ ಹೋದ ಗುರುವಾರದ ತಾರೀಖು.

"ಇದನ್ನ ಯಾಕೆ ತೆಗೆದಿಟ್ಟೆ?"

ಲಸಿಕೆಯ ಕೋಣೆ ನೆಲಮಾಳಿಗೆಯಲ್ಲಿದೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ, ಆ್ಯಪ್ ಗಿರಗಿರ ತಿರುಗುತ್ತದೆ. ಅದಕ್ಕೇ ಮೊದಲ ಡೋಸ್ ಆದಮೇಲೆ, ಮುಂದಿನ ಸಲ ತೋರಿಸಲೆಂದು ಮೆಟ್ಟಿಲ ಮೇಲೆ ನಿಂತು ಸ್ಕ್ರೀನ್‌ಶಾಟ್ ತೆಗೆದೆ — ಹೇಳುತ್ತ ಹೇಳುತ್ತ ನನ್ನ ಕಣ್ಣು ಅತ್ತೆಯ ಕೋಣೆಯತ್ತ ಹೋಯಿತು. ಅತ್ತೆಯ ಹುಟ್ಟುಹಬ್ಬಕ್ಕೆ ಗಂಡ ಹಳೆಯ ಚಿತ್ರಗಳನ್ನು ತುಂಬಿ ತಂದುಕೊಟ್ಟಿದ್ದ ಡಿಜಿಟಲ್ ಫೋಟೋ ಚೌಕಟ್ಟು ನೆನಪಾಯಿತು. ನಮ್ಮಿಬ್ಬರ ಫೋನಿನ ಹೊಸ ಚಿತ್ರಗಳೆಲ್ಲ ತಾವಾಗಿ ಅದಕ್ಕೆ ಹೋಗುತ್ತವೆ. ಅಮ್ಮನಿಗೆ ಬೇಜಾರಾಗಬಾರದು ಅಂತ.

ಇಬ್ಬರೂ ಅತ್ತೆಯ ಕೋಣೆಗೆ ಹೋದೆವು. ಮೊದಲೆಲ್ಲ ಬಾಗಿಲಿಗೆ ಮುಖ ಮಾಡಿದ್ದ ಚೌಕಟ್ಟು ಈಗ ಮಂಚದ ದಿಂಬಿನ ಕಡೆ ತಿರುಗಿತ್ತು. ಬಂದುಹೋಗುವ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮಂಚದ ಅಂಚಿನಲ್ಲಿ ಕೂತೆವು. ಸಮುದ್ರ ಬಂತು. ನಿಧಾನಕ್ಕೆ ಕರಗಿತು. ಬೆಕ್ಕು ಬಂತು. ನಮ್ಮ ಮದುವೆ, ಮೋಡ, ಮಲಗಿದ್ದ ಮಾವನವರ ಹಳೆಯ ಚಿತ್ರ. ಅವರು ಕರಗುತ್ತಿದ್ದಂತೆ ಅವರೊಳಗಿಂದಲೇ ನನ್ನ ಹೆಸರು ಮೂಡಿ ಬಂತು, ಲಸಿಕೆ, ಗುರುವಾರ. ಕಿಟಕಿಯ ಪರದೆ ಉಬ್ಬಿ ಇಳಿಯಿತು.

"ಕಳ್ಳಿ ನೀನೇ ಕಣೇ," ಎಂದು ಅಕ್ಕ ಮೆಲ್ಲಗೆ ಹೇಳಿದಳು. "ಬೀಗ ಹಾಕಿದ ಪೆಟ್ಟಿಗೇಲಿರೋದರ ಫೋಟೋ ತೆಗೆದು ಬೀದೀಲಿ ಬಿಟ್ಟೆ. ಪುಣ್ಯಕ್ಕೆ ಸಿಕ್ಕಿದ್ದು ಇವರ ಕೈಗೆ."

ಆ ನರ್ಸಿನ ಮೇಲಿನ ದೂರನ್ನು ಅಲ್ಲೇ ಅಳಿಸಿದೆ. ಆ ಚಿತ್ರವನ್ನೂ ಅಳಿಸು ಎಂದಳು ಅಕ್ಕ. ಅಳಿಸಿದರೆ ನನಗೆ ತಿಳಿಯಿತೆಂದು ಅತ್ತೆಗೆ ತಿಳಿಯುತ್ತದೆ. ಅವಳನ್ನು ಬೀದಿಬಾಗಿಲವರೆಗೆ ಬಿಟ್ಟು, ಮತ್ತೆ ಅತ್ತೆಯ ಕೋಣೆಗೆ ಬಂದು ಆ್ಯಪಿಗೆ ಬೆರಳಿಟ್ಟೆ. ತಿದ್ದಿದ ತಾರೀಖಿನ ದಾಖಲೆಯನ್ನು ಇನ್ನೊಂದು ಸಲ ಚಿತ್ರ ತೆಗೆದೆ. ಅದು ಚೌಕಟ್ಟಿಗೆ ತಲುಪಿದ್ದನ್ನು ನೋಡಿದ ಮೇಲೆ, ನನ್ನ ಫೋನಿನಿಂದ ಚಿತ್ರಗಳು ತಾವಾಗಿ ಹೋಗುವುದನ್ನು ನಿಲ್ಲಿಸಿದೆ.

ಅತ್ತೆ ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಮ್ಮಾ ಇಲ್ಲಿ?"

"ಧೂಳು ಒರೆಸೋಣ ಅಂತ ಬಂದೆ, ಅತ್ತೆ."

"ಅದರಲ್ಲಿ ಏನೇನು ಬರುತ್ತೋ. ನನಗೆ ಒಂದೂ ಸರಿಯಾಗಿ ಕಾಣಲ್ಲಮ್ಮ," ಎಂದರು ಅತ್ತೆ — ಹತ್ತು ಹೆಜ್ಜೆ ದೂರದಿಂದ ಅಕ್ಕಿಯಲ್ಲಿನ ಕಲ್ಲು ಕಾಣುವ ಅತ್ತೆ.

ಪಕ್ಕದ ಕೋಣೆಯಿಂದ ಗಂಡ, ನಿಮ್ಮಕ್ಕ ಯಾಕೆ ಬಂದಿದ್ದು ಎಂದು ನಿದ್ದೆಗಣ್ಣಿನಲ್ಲೇ ಕೇಳಿದರು. ಸುಮ್ಮನೆ ಬಂದಿದ್ದಳು ಎಂದೆ. ಹೇಳಿದರೆ ಅವರ ಮುಖ ನೋಡಿಯೇ ಅತ್ತೆಗೆ ತಿಳಿದುಬಿಡುತ್ತದೆ. ಜನ್ಮದಲ್ಲಿ ಮೊದಲ ಸಲ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ ಆ ಹೆಂಗಸು. ಅಕ್ಕನಿಗೂ ಬಾಯಿಗೆ ಬೀಗ ಹಾಕಲು ಹೇಳಬೇಕು. ನಾನಂತೂ ಇದನ್ನು ಯಾರಿಗೂ ಹೇಳುವುದಿಲ್ಲ.